ತರಗತಿಯಲ್ಲಿ ಬಾಯಿ ಬಿಡದ ಮಗು

ರಾಣೆಬೆನ್ನೂರು ತಾಲ್ಲೂಕಿನ ಐರಣಿಯು ತುಂಗಭದ್ರೆಯ ದಂಡೆಯ ಮೇಲಿನ ಗ್ರಾಮ. ಹಳೆಯ ಕೋಟೆಯ ಅವಶೇಷಗಳೂ ಹೊಳೆಮಠವೂ ಆ ಊರಿನ ಗುರುತುಗಳು. ೧೯೫೬ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಊರಿರುವ ದಡವು ಮುಂಬಯಿಯ ಆಡಳಿತಕ್ಕೂ ಎದುರು ದಡವು ಮೈಸೂರಿಗೂ ಸೇರಿದ್ದವು. ಆದರೆ ಹೊಳೆಯ ಎರಡು ಕಡೆಯವರೂ ಆಡುತ್ತಿದ್ದುದು ಕನ್ನಡವನ್ನೇ. ಇಂತಹ ಊರಿನ ಮಕ್ಕಳನ್ನು ನೀರಿನ ದಡದಲ್ಲಿಯೋ ಕಣದಲ್ಲಿಯೋ ಕಂಡವರು ಅವರಿಗೆ ಮಾತು ಬಾರದೆಂದು ಎಂದಿಗೂ ಹೇಳಲಾರರು. ಕುರಿ ತಪ್ಪಿಸಿಕೊಂಡ ಬಗೆಯನ್ನೂ, ಹೊಳೆಗೆ ನೀರು ಬಂದಾಗ ಯಾರ ಹೊಲ ಎಷ್ಟು ಮುಳುಗಿತೆಂಬುದನ್ನೂ, ಮೆಣಸಿನಕಾಯಿಯನ್ನು ಒಣಗಹಾಕುವ ಕ್ರಮವನ್ನೂ ಅವರು ಕೈಸನ್ನೆ ಕಣ್ಸನ್ನೆಗಳೊಡನೆ ವಿಸ್ತಾರವಾಗಿ ವರ್ಣಿಸಬಲ್ಲರು. ಅಂತಹ ಹುಡುಗನೊಬ್ಬನನ್ನೇ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿ, ‘ನದಿಯಿಂದ ಆಗುವ ಪ್ರಯೋಜನಗಳೇನು?’ ಎಂದು ಕೇಳಿದರೆ, ಅವನು ನೆಲವನ್ನು ನೋಡುತ್ತಾನೆ. ಅಂಗಿಯ ಗುಂಡಿಯನ್ನು ತಿರುವುತ್ತಾನೆ. ತುಟಿ ಅಲುಗಿದರೂ ಸ್ವರ ಹೊರಡುವುದಿಲ್ಲ. ಹೊಳೆಯ ದಂಡೆಯಲ್ಲಿ ಹುಟ್ಟಿದವನಿಗೆ ನದಿಯ ವಿಷಯ ತಿಳಿಯದೆಂದು ಉಪಾಧ್ಯಾಯರು ನಿರ್ಣಯಿಸಿ ಮುಂದಿನವನನ್ನು ಎಬ್ಬಿಸುತ್ತಾರೆ.

ಇದು ಹಳ್ಳಿಗೆ ಮಾತ್ರ ಮೀಸಲಾದ ಸಂಗತಿಯಲ್ಲ. ಮೈಸೂರು ಬೆಂಗಳೂರುಗಳ ದೊಡ್ಡ ಶಾಲೆಗಳಲ್ಲಿಯೂ, ಮನೆಯಲ್ಲಿ ಅರಗಿಣಿಯಂತೆ ಮಾತನಾಡುವ ಮಗು ಶಾಲೆಯಲ್ಲಿ ವರ್ಷಗಟ್ಟಲೆ ತುಟಿ ಎರಡು ಮಾಡದೆ ಇರುವುದುಂಟು. ಈ ಅಂಜಿಕೆಯನ್ನು ಹೋಗಲಾಡಿಸುವುದು ಉಪಾಧ್ಯಾಯರ ಕರ್ತವ್ಯವೇ, ಅಥವಾ ಅದು ಅವರ ಕೆಲಸದ ಎಲ್ಲೆಯನ್ನು ಮೀರಿದ ವಿಷಯವೇ ಎಂಬುದನ್ನು ನಾವು ಈ ಭಾಷಣದಲ್ಲಿ ವಿಚಾರಿಸೋಣ.

ಕರ್ತವ್ಯವಲ್ಲವೆನ್ನುವವರು ಸಾಮಾನ್ಯವಾಗಿ ಮೂರು ಕಾರಣಗಳನ್ನು ಹೇಳುವರು. ಮೊದಲನೆಯದು, ಉಪಾಧ್ಯಾಯರಿಗೆ ಪಾಠವನ್ನು ಮುಗಿಸುವುದಕ್ಕೇ ಹೊತ್ತು ಸಾಲದು. ಒಬ್ಬೊಬ್ಬರ ಸಂಕೋಚವನ್ನು ಬಿಡಿಸುತ್ತ ಕುಳಿತರೆ ಉಳಿದವರ ಗತಿ ಏನು? ಎರಡನೆಯದು, ವಿದ್ಯಾರ್ಥಿಗೆ ಭಯಭಕ್ತಿ ಇರಬೇಕು. ಭಯ ಹೋದರೆ ಭಕ್ತಿಯೂ ಹೋದೀತು. ಮೂರನೆಯದು, ಮೌನವೇನೂ ದೋಷವಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನಮ್ಮಲ್ಲಿಯೇ ಇದೆ. ಈ ಮೂರು ಆಕ್ಷೇಪಣೆಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದುದರಿಂದ ಇವನ್ನು ತಳ್ಳಿಹಾಕದೆ ಒಂದೊಂದನ್ನಾಗಿ ತೂಗಿ ನೋಡುವುದು ಉಚಿತ.

ಕೊನೆಯದನ್ನೇ ಮೊದಲು ತೆಗೆದುಕೊಳ್ಳೋಣ. ಮೌನ ಬೇರೆ, ಅಂಜಿಕೆ ಬೇರೆ. ಮಾತನಾಡಬಲ್ಲವನು ಬೇಡವೆಂದು ಸುಮ್ಮನಿರುವುದು ಮೌನ. ಮಾತನಾಡಬೇಕೆಂದು ಮನಸ್ಸಿದ್ದರೂ ನಾಲಗೆ ಏಳದಿರುವುದು ಅಂಜಿಕೆ. ಮೊದಲನೆಯದು ಬಂಗಾರವಾಗಬಹುದು, ಎರಡನೆಯದು ಬಾಯಿಗೆ ಹಾಕಿದ ಬೀಗ. ಮಹಾತ್ಮಾ ಗಾಂಧಿಯವರ ಆತ್ಮಕಥೆಯನ್ನು ಓದಿದವರಿಗೆ ಈ ಭೇದವು ತಿಳಿದೇ ಇರುತ್ತದೆ. ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ತಾವು ಬರೆದು ತಂದುದನ್ನು ತಾವೇ ಓದಲಾರದೆ ಹೋದುದನ್ನೂ, ಮುಂಬಯಿಯಲ್ಲಿ ವಕೀಲರಾಗಿ ಮೊದಲ ಮೊಕದ್ದಮೆಗೆ ಎದ್ದುನಿಂತಾಗ ಪ್ರಶ್ನೆಯೊಂದೂ ಹೊಳೆಯದೆ ಕುಳಿತುಬಿಟ್ಟುದನ್ನೂ ಅವರು ಅಲ್ಲಿ ಬರೆದಿದ್ದಾರೆ. ಆ ಸಂಕೋಚವು ತಮಗೆ ಮಿತಭಾಷಣವನ್ನು ಕಲಿಸಿತೆಂದೂ ಅವರೇ ಹೇಳಿದ್ದಾರೆ. ಆದರೆ ಅವರ ಮಿತಭಾಷಣವು ಲೋಕಕ್ಕೆ ಪ್ರಯೋಜನವಾದುದು ಭಯ ಕಳೆದ ಮೇಲೆ, ಬೇಕಾದಾಗ ಬೇಕಾದ ಮಾತನ್ನು ಆಡುವ ಶಕ್ತಿ ಬಂದ ಮೇಲೆ. ಅಲ್ಪಭಾಷಿಯನ್ನು ವಾಚಾಳಿಯನ್ನಾಗಿ ಮಾಡುವುದು ಉಪಾಧ್ಯಾಯರ ಕೆಲಸವಲ್ಲ. ಅವಶ್ಯವಾದಾಗ ಬಾಯಿ ತೆರೆಯಲು ಅಡ್ಡವಾಗಿರುವುದನ್ನು ತೆಗೆಯುವುದು ಮಾತ್ರ ಅವರ ಕೆಲಸ.

ಈ ಅಡ್ಡಿಯ ಸ್ವರೂಪವನ್ನು ಮನಶ್ಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಅಮೆರಿಕದ ಜೇಮ್ಸ್ ಮೆಕ್‌ಕ್ರಾಸ್ಕಿ ಎಂಬ ವಿದ್ವಾಂಸರು ೧೯೭೦ರಿಂದ ಈಚೆಗೆ, ಇತರರೊಡನೆ ಮಾತನಾಡುವಾಗ ಅಥವಾ ಮಾತನಾಡಬೇಕಾದೀತೆಂದು ನೆನೆದಾಗ ಉಂಟಾಗುವ ಕಳವಳಕ್ಕೆ ಒಂದು ಹೆಸರನ್ನಿಟ್ಟು, ಅದನ್ನು ಅಳೆಯುವುದಕ್ಕೆ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಹೆಚ್ಚು ಪ್ರಚಾರಕ್ಕೆ ಬಂದುದರಲ್ಲಿ ೨೪ ವಾಕ್ಯಗಳಿವೆ. ಅವು ನಾಲ್ಕು ಸಂದರ್ಭಗಳಿಗೆ ಸಂಬಂಧಪಟ್ಟವು: ಇಬ್ಬರ ಸಂಭಾಷಣೆ, ಸಣ್ಣ ಗುಂಪಿನ ಚರ್ಚೆ, ಸಭೆ, ಮತ್ತು ಎದ್ದು ನಿಂತು ಮಾಡುವ ಭಾಷಣ. ಈ ವಿಂಗಡಣೆಯೇ ನಮಗೆ ಒಂದು ಮುಖ್ಯ ವಿಷಯವನ್ನು ತಿಳಿಸುತ್ತದೆ. ಕೆಲವರು ಎಲ್ಲೆಲ್ಲಿಯೂ ಅಂಜುವರು. ಅನೇಕರಿಗಾದರೋ ಒಂದು ಸಂದರ್ಭದಲ್ಲಿ ಇಲ್ಲದ ಅಂಜಿಕೆ ಇನ್ನೊಂದರಲ್ಲಿ ತಲೆದೋರುವುದು. ಕಣದಲ್ಲಿ ಹರಟುವ ಹುಡುಗ ತರಗತಿಯಲ್ಲಿ ಮೂಕನಾದರೆ, ಮೊದಲು ತರಗತಿಯನ್ನು ಪರೀಕ್ಷಿಸಬೇಕು, ಆಮೇಲೆ ಹುಡುಗನನ್ನು.

ಹಾಗೆ ಪರೀಕ್ಷಿಸಿದರೆ ತರಗತಿಯಲ್ಲಿ ಮೂರು ಸಂಗತಿಗಳು ಕಾಣಬರುತ್ತವೆ.

ಒಂದು, ಒಂಟಿ ಧ್ವನಿ. ನಮ್ಮ ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತ, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುತ್ತ ಕಲಿಯುತ್ತಿದ್ದರು. ಮಹಾನವಮಿಯಲ್ಲಿ ಅಯ್ಯಗಳೊಡನೆ ಮನೆಮನೆಗೆ ಹೋಗಿ ಚೌಪದ ಹಾಡುವಾಗಲೂ ಅದೇ ಒಕ್ಕೊರಲು. ಆ ಮಠಗಳಲ್ಲಿ ಭಯವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಅಯ್ಯಗಳ ಬೆತ್ತ ಪ್ರಸಿದ್ಧವಾದುದು. ಆದರೆ ಬಾಯಿ ತೆರೆಯುವ ಅಭ್ಯಾಸವು ಜೊತೆಯವರ ಧ್ವನಿಯ ಆಸರೆಯಲ್ಲಿ ಆಗುತ್ತಿತ್ತು. ಈಗಿನ ಶಾಲೆಯಲ್ಲಿಯೂ ಪದ್ಯವನ್ನು ಒಟ್ಟಾಗಿ ಹೇಳಿಸುತ್ತಾರೆ. ಅದರ ಮರುಕ್ಷಣವೇ ಒಬ್ಬನನ್ನು ಎಬ್ಬಿಸಿ ಅರ್ಥವನ್ನು ಕೇಳುತ್ತಾರೆ. ಗುಂಪಿನ ದನಿಯಿಂದ ಒಂಟಿ ದನಿಗೆ ಹಾರುವ ಮಧ್ಯದಲ್ಲಿ ಕಾಲಿಡಲು ಒಂದು ಮೆಟ್ಟಿಲೂ ಇರುವುದಿಲ್ಲ.

ಎರಡು, ಭಾಷೆ. ಪುಸ್ತಕದ ಕನ್ನಡವೂ ಹಾವೇರಿ ಸೀಮೆಯ ಮನೆಮಾತೂ ಒಂದೇ ನುಡಿಯ ಎರಡು ರೂಪಗಳಾದರೂ ಮಗುವಿನ ಕಿವಿಗೆ ಅವುಗಳ ಅಂತರವು ದೊಡ್ಡದು. ತಾಂಡಾದಿಂದ ಬರುವ ಲಂಬಾಣಿ ಮಗುವಿಗೂ ಮನೆಯಲ್ಲಿ ಉರ್ದು ಆಡುವ ಮಗುವಿಗೂ ಅದು ಇನ್ನೂ ದೊಡ್ಡದು. ಈ ನೋವು ಧಾರವಾಡ ಪ್ರಾಂತಕ್ಕೆ ಹೊಸತಲ್ಲ. ೧೯ನೆಯ ಶತಮಾನದಲ್ಲಿ ಅಲ್ಲಿಯ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದಾಗ, ಕನ್ನಡದ ಮಕ್ಕಳು ತಮ್ಮ ನೆಲದಲ್ಲಿಯೇ ಪರಭಾಷೆಯಲ್ಲಿ ಉತ್ತರ ಕೊಡಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳ ಏಳಿಗೆಗಾಗಿ ದುಡಿದುದೂ, ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದೂ ಈ ಅವಸ್ಥೆಯನ್ನು ತಿದ್ದುವುದಕ್ಕಾಗಿಯೇ. ನಾಡನುಡಿಗಾಗಿ ಹೋರಾಡಿದ ಹಿರಿಯರ ಮೊಮ್ಮಕ್ಕಳಾದ ನಾವು, ಮನೆಮಾತಿನಲ್ಲಿ ಉತ್ತರ ಹೇಳಿದ ಮಗುವನ್ನು ಅರ್ಧದಲ್ಲಿಯೇ ತಡೆದು ತಿದ್ದುವುದು ಎಷ್ಟು ಸರಿ?

ಮೂರು, ನಗೆ. ತಪ್ಪು ಹೇಳಿದವನನ್ನು ಕಂಡು ತರಗತಿಯೆಲ್ಲ ನಗುವುದು, ಉಪಾಧ್ಯಾಯರೂ ಕ್ಷಣಕಾಲ ಆ ನಗೆಯಲ್ಲಿ ಕೂಡಿಕೊಳ್ಳುವುದು. ಬೆತ್ತದ ಪೆಟ್ಟು ಸಂಜೆಗೆ ಮಾಯುತ್ತದೆ. ಈ ನಗೆ ಮಾಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ, ಗಟ್ಟಿಯಾಗಿ ಮಾತನಾಡಬಾರದೆಂಬ ಮನೆಯ ಉಪದೇಶವೂ ಇದರೊಡನೆ ಸೇರುವುದರಿಂದ, ಬೀಗ ಎರಡಾಗುತ್ತದೆ.

ಈ ಮೂರಕ್ಕೂ ಮದ್ದು ಎಲ್ಲಿದೆ? ಐರಣಿಯಂತಹ ಊರುಗಳ ಸೀಮೆಯಲ್ಲಿಯೇ ಅದು ಬಹುಕಾಲದಿಂದ ಬಳಕೆಯಲ್ಲಿದೆಯೆಂದರೆ ಆಶ್ಚರ್ಯವಾದೀತು. ಉತ್ತರ ಕರ್ನಾಟಕದ ದೊಡ್ಡಾಟ ಸಣ್ಣಾಟಗಳನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ಹಗಲೆಲ್ಲ ನೇಗಿಲು ಹಿಡಿಯುವವನು, ಎಷ್ಟೋ ಸಲ ಅಕ್ಷರವನ್ನೇ ಅರಿಯದವನು, ರಾತ್ರಿ ಕಿರೀಟ ಭುಜಕೀರ್ತಿಗಳನ್ನು ಧರಿಸಿ ಊರಿನವರೆಲ್ಲರ ಎದುರಿಗೆ ಸಂಸ್ಕೃತಭೂಯಿಷ್ಠವಾದ ಉದ್ದುದ್ದನೆಯ ಮಾತುಗಳನ್ನು ತಡೆಯಿಲ್ಲದೆ ಆಡುತ್ತಾನೆ. ಶಾಲೆಯಲ್ಲಿ ಒಂದು ವಾಕ್ಯವನ್ನು ಹೇಳಲಾರದೆ ಬಿಟ್ಟುಬಂದವನೂ ಅಂಥವರಲ್ಲಿರುತ್ತಾನೆ. ಇವನಿಗೆ ಈ ಧೈರ್ಯವನ್ನು ಕೊಟ್ಟವರಾರು? ಆಟವನ್ನು ಕಲಿಸುವ ಮಾಸ್ತರರು.

ಅವರ ಕ್ರಮವನ್ನು ಗಮನಿಸಿರಿ. ಸುಗ್ಗಿ ಮುಗಿದ ಮೇಲೆ, ಕೆಲಸ ಮುಗಿಸಿ ಉಂಡು ಬಂದವರನ್ನು ಕೂಡಿಸಿಕೊಂಡು, ಗುಡಿಯ ಕಟ್ಟೆಯ ಮೇಲೋ ಯಾರದಾದರೂ ಪಡಸಾಲೆಯಲ್ಲೋ ಅವರು ದಿನವೂ ತಾಲೀಮು ನಡೆಸುತ್ತಾರೆ. ಮೊದಲು ತಾವು ಹೇಳುತ್ತಾರೆ, ಆಮೇಲೆ ಹೇಳಿಸುತ್ತಾರೆ. ನಾಲಗೆ ತೊಡರಿದರೆ ಮಾತನ್ನು ತಾವೇ ಎತ್ತಿಕೊಟ್ಟು ಮುಂದೆ ಸಾಗಿಸುತ್ತಾರೆ. ಅಲ್ಲಿ ತಪ್ಪುವುದು ಎಲ್ಲರ ಅನುಭವವಾದುದರಿಂದ ತಪ್ಪಿದವನನ್ನು ಕಂಡು ನಕ್ಕರೂ ಆ ನಗೆಗೆ ಮುಳ್ಳಿರುವುದಿಲ್ಲ. ಕೊನೆಗೆ ರಂಗವನ್ನೇರಿದಾಗಲೂ ಪಾತ್ರಧಾರಿಯು ಒಂಟಿಯಲ್ಲ. ಹಿಂದೆ ಹಿಮ್ಮೇಳವಿದೆ, ಅವನ ಪದವನ್ನು ಅದು ಎತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಸಾರಥಿಯಿದ್ದಾನೆ. ದೊಡ್ಡಾಟದಲ್ಲಿ ಪಾತ್ರವು ಪ್ರವೇಶಿಸಿದೊಡನೆ ಸಾರಥಿಯು ‘ತಾವು ಯಾರು, ಬಂದ ಕಾರಣವೇನು?’ ಎಂದು ವಿಚಾರಿಸುತ್ತಾನಷ್ಟೆ. ಆ ಪ್ರಶ್ನೆಗೆ ಉತ್ತರವು ಪಾತ್ರಧಾರಿಗೆ ಚೆನ್ನಾಗಿ ತಿಳಿದಿದೆ. ಪ್ರಶ್ನೆಯ ಉದ್ದೇಶವು ಅವನ ಬಾಯಿ ತೆರೆಯಿಸುವುದೇ ಹೊರತು ಅವನನ್ನು ಸಿಕ್ಕಿಸುವುದಲ್ಲ. ತರಗತಿಯಲ್ಲಿ ಕೇಳುವ ಪ್ರಶ್ನೆಗಳಲ್ಲಿ ಎಷ್ಟು ಸಾರಥಿಯ ಪ್ರಶ್ನೆಗಳು, ಎಷ್ಟು ಪಾಟೀಸವಾಲುಗಳು ಎಂಬುದನ್ನು ಉಪಾಧ್ಯಾಯರೇ ಲೆಕ್ಕ ಹಾಕಬಹುದು.

ಆಟದ ಮಾಸ್ತರರು ಅನುಭವದಿಂದ ಕಂಡುಕೊಂಡುದನ್ನು ಶಾಸ್ತ್ರವೂ ಸಮರ್ಥಿಸುತ್ತದೆ. ನೋಡುವವರು ಎದುರಿಗಿದ್ದರೆ, ಚೆನ್ನಾಗಿ ರೂಢಿಯಾದ ಕೆಲಸವು ಇನ್ನೂ ಚೆನ್ನಾಗಿ ಆಗುವುದೆಂದೂ, ಇನ್ನೂ ಕಲಿಯುತ್ತಿರುವ ಕೆಲಸವು ಕೆಡುವುದೆಂದೂ ರಾಬರ್ಟ್ ಜಾಯಾನ್ಸ್ ಎಂಬ ಮನಶ್ಶಾಸ್ತ್ರಜ್ಞರು ೧೯೬೫ರಲ್ಲಿ ಪ್ರತಿಪಾದಿಸಿದರು. ತಾಲೀಮು ಮಾಡಿದವನಿಗೆ ಸಭೆಯು ಉತ್ಸಾಹವನ್ನು ಕೊಡುತ್ತದೆ. ಮಾಡದವನಿಗೆ ಅದೇ ಸಭೆಯು ದಿಗಿಲನ್ನು ಹುಟ್ಟಿಸುತ್ತದೆ. ನಮ್ಮ ಶಾಲೆಗಳಲ್ಲಿ ತಾಲೀಮು ಇಲ್ಲದೆಯೇ ರಂಗಕ್ಕೆ ಏರಿಸುವುದು ನಡೆಯುತ್ತಿದೆ. ಇನ್ನೂ ಹಿಂದೆ, ೧೯೨೪ರಲ್ಲಿ, ಮೇರಿ ಕವರ್ ಜೋನ್ಸ್ ಎಂಬಾಕೆಯು ಮೊಲವನ್ನು ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಚಿಕ್ಕ ಮಗುವಿನ ಭಯವನ್ನು ಬಿಡಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಮಗುವು ತನಗೆ ಇಷ್ಟವಾದುದನ್ನು ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿ ಇರಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ತಂದರು. ಕೊನೆಗೆ ಮಗು ಅದನ್ನು ಮುಟ್ಟಿ ಆಡಿಸಿತು. ಭಯವನ್ನು ಬೈದು ಓಡಿಸಲಾಗದು; ಹಿತವಾದ ಸನ್ನಿವೇಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಇಷ್ಟೇ ಅದರ ತಾತ್ಪರ್ಯ.

ಇನ್ನು ಹೊತ್ತು ಸಾಲದೆಂಬ ಆಕ್ಷೇಪಣೆಗೆ ಬರೋಣ. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿಯು ತರಗತಿಗಳಲ್ಲಿ ನಡೆಯುವ ಪ್ರಶ್ನೋತ್ತರಗಳನ್ನು ಧ್ವನಿಮುದ್ರಣ ಮಾಡಿ ಪರಿಶೀಲಿಸಿ, ೧೯೭೪ರಲ್ಲಿ ತನ್ನ ನಿರ್ಣಯಗಳನ್ನು ಪ್ರಕಟಿಸಿದಳು. ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಉತ್ತರಕ್ಕಾಗಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು ಮಾತ್ರ. ಮಂದರೆಂದು ತಾವು ಭಾವಿಸಿದ ಮಕ್ಕಳಿಗೆ ಅವರು ಕೊಡುತ್ತಿದ್ದುದು ಬುದ್ಧಿವಂತರಿಗೆ ಕೊಟ್ಟುದಕ್ಕಿಂತಲೂ ಕಡಿಮೆ ಕಾಲ. ಕಾಯುವಿಕೆಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು. ಉತ್ತರವಿಲ್ಲದೆ ನಿಲ್ಲುವವರು ಕಡಿಮೆಯಾದರು. ಹಿಂದೆ ಸುಮ್ಮನಿದ್ದವರು ತಾವಾಗಿಯೇ ಮಾತನಾಡತೊಡಗಿದರು. ಮೂರು ಸೆಕೆಂಡು! ಇದಕ್ಕೆ ಹಣ ಬೇಡ, ಹೊಸ ಕಟ್ಟಡ ಬೇಡ, ಪಠ್ಯಕ್ರಮದ ಬದಲಾವಣೆಯೂ ಬೇಡ.

ಉಳಿದ ಉಪಾಯಗಳೂ ಇಷ್ಟೇ ಸುಲಭವಾದವು. ಪ್ರಶ್ನೆಯನ್ನು ಕೇಳಿ, ಮೊದಲು ಪಕ್ಕದವನೊಡನೆ ಮಾತನಾಡಿಕೊಳ್ಳುವಂತೆ ಹೇಳುವುದು; ಆಮೇಲೆ ನಾಲ್ವರು ಕೂಡಿ ವಿಚಾರಿಸುವುದು; ಕೊನೆಗೆ ಆ ನಾಲ್ವರ ಪರವಾಗಿ ಒಬ್ಬನು ಹೇಳುವುದು. ಆಗ ಅವನು ತನ್ನೊಬ್ಬನ ತಪ್ಪನ್ನು ಹೊರಬೇಕಾಗುವುದಿಲ್ಲ. ಹಿಮ್ಮೇಳವು ಅವನ ಬೆನ್ನಿಗಿರುತ್ತದೆ. ಮೊದಮೊದಲು ಮಗುವಿಗೆ ಉಪಾಧ್ಯಾಯರಿಗಿಂತ ಚೆನ್ನಾಗಿ ತಿಳಿದ ವಿಷಯವನ್ನೇ ಕೇಳಬೇಕು: ಮೆಣಸಿನಕಾಯಿಯ ತೊಟ್ಟನ್ನು ಬಿಡಿಸುವುದು ಹೇಗೆ, ಹೊಳೆಗೆ ನೀರು ಬರುವ ಸೂಚನೆ ಏನು ಎಂಬಂಥವು. ತಿಳಿಯಬೇಕೆಂದು ಕೇಳಿದ ಪ್ರಶ್ನೆಗೂ ಪರೀಕ್ಷಿಸಬೇಕೆಂದು ಕೇಳಿದ ಪ್ರಶ್ನೆಗೂ ಇರುವ ವ್ಯತ್ಯಾಸವನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ. ಮಗು ‘ಹೊಳೀಗೆ ನೀರ್ ಬಂದೈತ್ರಿ ಸರ, ನಮ್ಮ ಹೊಲಾ ಮುಳುಗೈತ್ರಿ’ ಎಂದರೆ, ‘ಹಾಗಲ್ಲ ಹೇಳುವುದು’ ಎಂದು ತಡೆಯದೆ, ‘ಹೌದೇ? ನದಿಯ ನೀರು ಹೊಲಕ್ಕೆ ನುಗ್ಗಿತೇ? ಪೈರು ಏನಾಯಿತು?’ ಎಂದು ಮುಂದುವರಿಸಿದರೆ ಸಾಕು. ಗ್ರಂಥಭಾಷೆಯ ರೂಪವು ಮಗುವಿನ ಕಿವಿಗೆ ಬಿದ್ದಿತು; ಮಾತೂ ಕಡಿಯಲಿಲ್ಲ. ತಿದ್ದುವುದು ಆಯಿತು, ಅವಮಾನವಾಗಲಿಲ್ಲ.

ಭಯಭಕ್ತಿಯ ವಿಷಯದಲ್ಲಿ ನಮ್ಮ ದೇಶದ ಶಾಸನವೇ ನಿರ್ಣಯ ಕೊಟ್ಟಿದೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಕೂಡದೆಂದು ವಿಧಿಸುತ್ತದೆ. ೨೯ನೆಯ ಪ್ರಕರಣವು ಇನ್ನೂ ಮುಂದೆ ಹೋಗಿ, ಮಗುವನ್ನು ಭಯ, ಆಘಾತ, ಆತಂಕಗಳಿಂದ ಬಿಡಿಸುವುದನ್ನೂ, ತನ್ನ ಅಭಿಪ್ರಾಯವನ್ನು ನಿರಾತಂಕವಾಗಿ ಹೇಳಲು ಅದಕ್ಕೆ ನೆರವಾಗುವುದನ್ನೂ, ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸುವುದನ್ನೂ ಪಠ್ಯಕ್ರಮವು ಗಮನಿಸಬೇಕಾದ ಅಂಶಗಳಲ್ಲಿ ಸೇರಿಸಿದೆ. ಆದುದರಿಂದ ಅಂಜಿಕೆ ಬಿಡಿಸುವುದು ಉಪಾಧ್ಯಾಯರ ಔದಾರ್ಯವೆಂದಾಗಲಿ ಹೆಚ್ಚಿನ ಕೆಲಸವೆಂದಾಗಲಿ ಎಣಿಸುವಂತಿಲ್ಲ. ಇನ್ನು ಭಕ್ತಿಯ ಮಾತು: ಬಯಲಾಟದ ಪಾತ್ರಧಾರಿಗಳು ತಮ್ಮ ಮಾಸ್ತರರಿಗೆ ತೋರುವ ಗೌರವವನ್ನು ಕಂಡವರು, ಭಯವಿಲ್ಲದೆ ಭಕ್ತಿ ಉಳಿಯದೆಂದು ಹೇಳಲಾರರು.

ಕರ್ನಾಟಕದಲ್ಲಿ ಈ ದಿಕ್ಕಿನಲ್ಲಿ ಪ್ರಯತ್ನಗಳು ನಡೆಯದೆ ಇಲ್ಲ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿಕಲಿ’ ಪದ್ಧತಿಯು ಚಿಕ್ಕ ಮಕ್ಕಳನ್ನು ಸಾಲಿನಲ್ಲಿ ಕೂರಿಸದೆ ಗುಂಪುಗಳಲ್ಲಿ ಕೂರಿಸಿ, ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುವಂತೆ ಏರ್ಪಡಿಸಿತು. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಆದರೆ ಪದ್ಧತಿಯನ್ನು ನಡೆಸುವವರು ಮನುಷ್ಯರು. ಮೇಲಧಿಕಾರಿಯ ಮುಂದೆ ತಾವೇ ಬಾಯಿ ತೆರೆಯಲು ಅಂಜುವ ಉಪಾಧ್ಯಾಯರು ಮಕ್ಕಳ ಅಂಜಿಕೆಯನ್ನು ಹೇಗೆ ಬಿಡಿಸಿಯಾರು? ಶಾಲೆಯ ತನಿಖೆಗೆ ಬರುವವರು ಉಪಾಧ್ಯಾಯರನ್ನು ಮಕ್ಕಳ ಎದುರಿನಲ್ಲಿ ಗದರಿಸದಿರುವುದೂ ಈ ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಉಪಾಧ್ಯಾಯರ ಶಕ್ತಿಗೂ ಒಂದು ಮಿತಿಯುಂಟು. ಉಗ್ಗುವ ಮಗು, ಮನೆಯಲ್ಲಿ ಮಾತನಾಡಿ ಹೊರಗೆ ತಿಂಗಳುಗಟ್ಟಲೆ ಒಂದಕ್ಷರವನ್ನೂ ಆಡದ ಮಗು, ಕಿವಿ ಮಂದವಾಗಿರುವುದರಿಂದ ಉತ್ತರ ಕೊಡದ ಮಗು, ಇವರ ವಿಷಯದಲ್ಲಿ ತಜ್ಞರ ಸಲಹೆ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಸಂಸ್ಥೆಗಳು ಇರುವುದು ಅದಕ್ಕಾಗಿಯೇ. ಆದರೆ ಇಂತಹ ಮಗುವನ್ನು ಮೊದಲು ಗುರುತಿಸಿ ತಂದೆತಾಯಿಗಳಿಗೆ ತಿಳಿಸಬಲ್ಲವರೂ ಉಪಾಧ್ಯಾಯರೇ. ‘ಮೊಂಡ’, ‘ದಡ್ಡ’ ಎಂಬ ಹೆಸರುಗಳನ್ನು ಕೊಟ್ಟು ಕೈಬಿಟ್ಟರೆ ಆ ಬಾಗಿಲೂ ಮುಚ್ಚಿಹೋಗುತ್ತದೆ. ಹಾಗೆಯೇ, ಬಲವಂತವಾಗಿ ವೇದಿಕೆಗೆ ಎಳೆದು ತರುವುದೂ ಚಿಕಿತ್ಸೆಯಲ್ಲ; ಹೆದರಿದ ಮಗುವಿನ ಮಡಿಲಿಗೆ ಮೊದಲ ದಿನವೇ ಮೊಲವನ್ನು ಎಸೆದಂತೆ.

ಇಷ್ಟೆಲ್ಲ ಶ್ರಮ ಯಾತಕ್ಕೆಂದು ಕೇಳಬಹುದು. ಭಾಷಣಸ್ಪರ್ಧೆಯಲ್ಲಿ ಬಹುಮಾನ ಗೆಲ್ಲುವುದಕ್ಕಲ್ಲ. ಅದು ಕೆಲವರ ಪಾಲಿನ ಸಂತೋಷ. ಎಲ್ಲರಿಗೂ ಬೇಕಾದುದು ಬೇರೊಂದಿದೆ. ಕಣ್ಣಿಗೆ ಹಲಗೆಯ ಅಕ್ಷರ ಕಾಣುವುದಿಲ್ಲವೆಂದು ಹೇಳಲಾರದ ಮಗು ವರ್ಷಗಳ ಪಾಠವನ್ನು ಕಳೆದುಕೊಳ್ಳುತ್ತದೆ. ದೊಡ್ಡವರೊಬ್ಬರು ತನ್ನೊಡನೆ ಕೆಟ್ಟದಾಗಿ ನಡೆದುಕೊಂಡರೆಂದು ಹೇಳಲಾರದ ಮಗು ಏನನ್ನು ಕಳೆದುಕೊಳ್ಳುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಅದೇ ಮಗು ಬೆಳೆದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ತೂಕವನ್ನು ಪ್ರಶ್ನಿಸದೆ ಚೀಲವನ್ನು ಇಳಿಸಿ ಬರುತ್ತದೆ; ತಾಲ್ಲೂಕು ಕಚೇರಿಯಲ್ಲಿ ತನ್ನ ಕಾಗದ ಎಲ್ಲಿ ನಿಂತಿದೆಯೆಂದು ಕೇಳದೆ ಹಿಂದಿರುಗುತ್ತದೆ; ವೈದ್ಯರಿಗೆ ರೋಗವನ್ನು ಪೂರ್ತಿಯಾಗಿ ಹೇಳದೆ ಔಷಧವನ್ನು ತರುತ್ತದೆ. ನಮ್ಮ ರಾಜ್ಯದಲ್ಲಿ ೨೦೦೬ರಿಂದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡೆಸಬೇಕೆಂಬ ಏರ್ಪಾಡಾಗಿದೆ. ಶಾಲೆಗೆ ಕುಡಿಯುವ ನೀರಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ, ದಾರಿಯಲ್ಲಿ ದೀಪವಿಲ್ಲ ಎಂದು ಮಕ್ಕಳೇ ಎದ್ದು ನಿಂತು ಹಿರಿಯರನ್ನು ಕೇಳಬಹುದಾದ ಸಭೆ ಅದು. ಇಂತಹ ಅವಕಾಶವನ್ನು ಆಜ್ಞೆಯ ಮೂಲಕ ಒದಗಿಸಬಹುದು; ಎದ್ದು ನಿಲ್ಲುವ ಮನಸ್ಸನ್ನು ಆಜ್ಞೆಯಿಂದ ಒದಗಿಸಲಾಗದು. ಅದು ವರ್ಷವೆಲ್ಲ ತರಗತಿಯಲ್ಲಿ ನಡೆದ ತಾಲೀಮಿನ ಫಲ.

೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂದು ಹೆಸರಾಗಲಿದ್ದ ಬಾನುಲಿ ಕೇಂದ್ರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ನಾವು ಸಂತೋಷದಿಂದ ಸ್ಮರಿಸಬಹುದು. ಮನಸ್ಸನ್ನು ಅಭ್ಯಾಸ ಮಾಡಿದವರೊಬ್ಬರು, ಜನರ ಧ್ವನಿಯು ದೂರ ಮುಟ್ಟಬೇಕೆಂದು ಬಯಸಿದುದು ಕೇವಲ ಆಕಸ್ಮಿಕವಾಗಿರಲಾರದು. ಧ್ವನಿಯನ್ನು ದೂರಕ್ಕೆ ಒಯ್ಯುವ ಯಂತ್ರಗಳು ಆಮೇಲೆ ಎಷ್ಟೋ ಬಂದಿವೆ. ಇಂದು ಐರಣಿಯ ಮಗುವಿನ ಮಾತನ್ನು ಲೋಕದ ಯಾವ ಮೂಲೆಗಾದರೂ ಕ್ಷಣದಲ್ಲಿ ಕಳುಹಬಹುದು. ಗಂಟಲಿನಿಂದ ತುಟಿಯವರೆಗಿನ ಒಂದು ಗೇಣು ದಾರಿಯನ್ನು ದಾಟಿಸುವ ಯಂತ್ರ ಮಾತ್ರ ಬಂದಿಲ್ಲ. ಆ ಕೆಲಸವು ಮನೆಯಲ್ಲಿ ತಂದೆತಾಯಿಗಳದು, ಶಾಲೆಯಲ್ಲಿ ಉಪಾಧ್ಯಾಯರದು. ಮನೆಯಲ್ಲಿರುವ ನಾವು ಮಗುವಿನ ವಾಕ್ಯವು ಮುಗಿಯುವ ತನಕ ನಡುವೆ ಬಾಯಿ ಹಾಕದಿರುವುದನ್ನು ಈ ಸಂಜೆಯಿಂದಲೇ ರೂಢಿಸಿಕೊಳ್ಳಬಹುದು. ಉಪಾಧ್ಯಾಯರು ನಾಳೆಯ ತರಗತಿಯಲ್ಲಿ ಪ್ರಶ್ನೆಯೊಂದನ್ನು ಕೇಳಿ, ನೆಲವನ್ನು ನೋಡುತ್ತ ನಿಂತ ಹುಡುಗನನ್ನು ಕೂಡಲೇ ಕುಳ್ಳಿರಿಸದೆ, ಮನಸ್ಸಿನಲ್ಲಿಯೇ ಮೂರರವರೆಗೆ ಎಣಿಸಿ ನೋಡಲಿ.